ಕಡುನೇರಳೆ ಲಗ್ನಪತ್ರಿಕೆಯ ಬಾಬತ್ತು

ಇಂದ,
ಲತಾಮಣಿ, ಹನುಮಯ್ಯನವರ ಮಗಳು,
ವಿನ್ಯಾಸಗಾರ್ತಿ (ಲಗ್ನಪತ್ರಿಕೆ, ನಾಮಕರಣ, ಶ್ರದ್ಧಾಂಜಲಿ, ಫ್ಲೆಕ್ಸ್ ಇತ್ಯಾದಿ),
ಉಮೇಶಣ್ಣನವರ ಕಾರ್ಡ್ ಅಂಗಡಿ, ಅರಸೀಕೆರೆ.

ಗೆ,
ಶ್ರೀಮತಿ ಮೀನಾಕ್ಷಮ್ಮನವರು,
ಸೋದರತ್ತೆ ಹಾಗೂ ಕಂದಾಯ ಇಲಾಖೆಯ ನಿವೃತ್ತ ಪ್ರಥಮ ದರ್ಜೆ ಸಹಾಯಕರು,
ರೈಲ್ವೆ ಸ್ಟೇಷನ್ ಹಿಂದಿನ ಬೀದಿ, ಬಾಣಾವರ.

ವಿಷಯ: ಅರ್ಜಿದಾರಳ ಕಡುನೇರಳೆ ಬಣ್ಣದ ಲಗ್ನಪತ್ರಿಕೆಯನ್ನು ತಿಥಿ ಕಾರ್ಡೆಂದು ಭಾವಿಸಿ ತಾವು ಹರಿದು ಹಾಕಿರುವ ಬಗ್ಗೆ, ಮತ್ತು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಬರುವ ಭಾನುವಾರ ಅರಿಶಿನ ಶಾಸ್ತ್ರಕ್ಕೆ ಖುದ್ದು ಹಾಜರಾಗಬೇಕೆಂದು ಕೋರಿ.

ಉಲ್ಲೇಖ: (೧) ಕಳೆದ ಸೋಮವಾರ ತಾವು ಫೋನಿನಲ್ಲಿ ನೀಡಿದ ಮೌಖಿಕ ಆದೇಶ: “ಏನಿದ್ರೂ ಬರ್ದು ಕೊಡು. ಬಾಯ್ಮಾತು ನಂಗ್ ಬ್ಯಾಡ.”
(೨) ತತ್‌ಕ್ಷಣವೇ ತಾವು ಫೋನ್ ಕುಕ್ಕಿದ ಸದ್ದು.

ಮಾನ್ಯರೇ,

ಮೇಲ್ಕಂಡ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಅರ್ಜಿದಾರಳು ತಮ್ಮ ಸಹೋದರ ಹನುಮಯ್ಯನವರ ಒಬ್ಬಳೇ ಮಗಳಾಗಿದ್ದು, ಹೈಸ್ಕೂಲಿನ ಅಷ್ಟೂ ವರ್ಷ ಬಾಣಾವರದಲ್ಲಿ ತಮ್ಮ ಮನೆಯಲ್ಲೇ ಉಂಡು, ತಮ್ಮಿಂದಲೇ ಬೈಸಿಕೊಂಡು ಬೆಳೆದವಳಾಗಿರುತ್ತಾಳೆ. ಜ್ವರ ಬಂದು ಶಾಲೆಗೆ ರಜೆ ಬೇಕಾದಾಗಲೂ ಅವಳು ಮೊದಲು ತಮಗೊಂದು ಅರ್ಜಿ ಬರೆದು, ತಾವು ಕೆಂಪು ಪೆನ್ನಿನಲ್ಲಿ ತಿದ್ದಿ, ಅವಳು ಶುದ್ಧಪ್ರತಿ ಮಾಡುವಷ್ಟರಲ್ಲಿ ಜ್ವರವೇ ಬಿಟ್ಟುಹೋಗುತ್ತಿತ್ತು. “ಅರ್ಜೀಲಿ ನಾನು ನಾನು ಅನ್ಬಾರ್ದು ಕಣೇ, ಅರ್ಜಿದಾರಳು ಅನ್ಬೇಕು. ನೀನ್ಯಾರು ಅಂತ ಆಫೀಸ್‌ಗೆ ಏನ್ ಗೊತ್ತು?” ಎಂದು ತಾವು ಕಲಿಸಿದ್ದರಿಂದ, ಈ ಅರ್ಜಿಯಲ್ಲೂ ಅದೇ ಕ್ರಮವನ್ನು ಪಾಲಿಸಲಾಗಿದೆ. ಅತ್ತೆಗೆ ಅರ್ಜಿ ಬರೆಯುವ ಸೊಸೆ ಜಿಲ್ಲೆಯಲ್ಲಿ ಇವಳೊಬ್ಬಳೇ ಇರಬಹುದು. ಅದು ಬೇರೆ ಮಾತು. ಪ್ರಕರಣದ ವಿವರ ಈ ಕೆಳಗಿನಂತಿದೆ:

೧. ಅರ್ಜಿದಾರಳು ಓದು ಮುಗಿಸಿದಾಗಿನಿಂದ ಉಮೇಶಣ್ಣನ ಅಂಗಡಿಯ ಕಂಪ್ಯೂಟರ್ ಮುಂದೆ ಕೂತು ಊರ ಮೇಲಿನವರ ಮದುವೆ, ಮುಂಜಿ, ಗೃಹಪ್ರವೇಶಗಳಿಗೆಲ್ಲ ಕಾರ್ಡು ಮಾಡಿಕೊಟ್ಟಿರುತ್ತಾಳೆ. ಬಂದವರದೆಲ್ಲ ಒಂದೇ ಬೇಡಿಕೆ: “ಅರಿಶಿನ ಕಲರ್ ಹಾಕವ್ವ, ಕುಂಕುಮದ ಕಲರ್ ಹಾಕವ್ವ, ಮ್ಯಾಲೆ ಗಣಪನ್ನ ಕೂರ್ಸು, ಎರಡೂ ಕಡೀಕೆ ಬಾಳೆಕಂಬ ನಿಲ್ಸು, ಜಾಗ ಉಳುದ್ರೆ ನವಿಲು ಬಿಡು.” ಜಾಗವನ್ನು ಜಾಗವಾಗಿಯೇ ಬಿಡುವುದೂ ವಿನ್ಯಾಸದ ಒಂದು ಕ್ರಮವೆಂದು ಅವಳು ವಿನಯದಿಂದ ಹೇಳಿದಾಗಲೆಲ್ಲ ಅವರು ಅವಳನ್ನು ಮರುಕದಿಂದ ನೋಡಿ, ಆ ಜಾಗಕ್ಕೆ ಚಿಕ್ಕಪ್ಪಂದಿರ ಹೆಸರು ಸೇರಿಸಿರುತ್ತಾರೆ. ಆದಕಾರಣ, ತನ್ನ ಕಾರ್ಡು ಎಂಬುದೊಂದು ಬಂದ ದಿನ ತನಗೆ ಬೇಕಾದ ಬಣ್ಣವನ್ನು ತನಗೆ ಬೇಕಾದಷ್ಟು ಕಡುವಾಗಿ ಹಾಕಿಕೊಳ್ಳುವುದೆಂದು ಅವಳು ಬಹಳ ಹಿಂದೆಯೇ ತೀರ್ಮಾನಿಸಿದ್ದಳು.

೨. ಹಾಗೆಂದು ಕಡುನೇರಳೆಯನ್ನು ಬರೀ ಹಟದಿಂದ ಆರಿಸಿದ್ದಲ್ಲ. ವರನಾದ ಹಳೇಬೀಡಿನ ಸಿದ್ಧಾರ್ಥ, ಹೈಸ್ಕೂಲ್ ಮೇಷ್ಟ್ರು, ಬೌದ್ಧರ ಮನೆಯ ಹುಡುಗ. ಅವರ ಕಡೆಯವರು ಕಾರ್ಡು ನೀಲಿ ಇರಬೇಕೆಂದರು. ಅರ್ಜಿದಾರಳ ತಾಯಿ ಚಲುವಮ್ಮನವರು ಕುಂಕುಮದ ಕೆಂಪೇ ಆಗಬೇಕೆಂದು ಪಟ್ಟು ಹಿಡಿದರು. ಶಾಸ್ತ್ರ ಹೆಣ್ಣಿನ ಮನೆಯ ಪ್ರಕಾರ, ಬುದ್ಧವಂದನೆ ಗಂಡಿನ ಮನೆಯ ಪ್ರಕಾರ ಎಂದು ಒಂದೇ ಸಂಜೆಯಲ್ಲಿ ನಗುನಗುತ್ತಾ ಒಪ್ಪಿಕೊಂಡಿದ್ದ ಎರಡು ಮನೆಗಳು ಕಾರ್ಡಿನ ಬಣ್ಣಕ್ಕೆ ಮಾತ್ರ ಮುಖ ದಪ್ಪ ಮಾಡಿಕೊಂಡವು. ನೀಲಿಗೆ ಕೆಂಪು ಬೆರೆಸಿದರೆ ನೇರಳೆ. ಎರಡನ್ನೂ ಧಾರಾಳವಾಗಿ ಬೆರೆಸಿದರೆ ಕಡುನೇರಳೆ. ಇಬ್ಬರನ್ನೂ ಸೇರಿಸುವ ಬಣ್ಣ ಇದಕ್ಕಿಂತ ಇನ್ನೊಂದಿಲ್ಲವೆಂದು ಅರ್ಜಿದಾರಳು ಹಿಗ್ಗಿ, ಮಾದರಿಯನ್ನು ಎರಡೂ ಕಡೆಗೆ ಕಳುಹಿಸಿದಳು. “ನಮ್ ನೀಲಿ ಎಲ್ಲಿ?” ಎಂದು ಅವರೂ, “ನಮ್ ಕೆಂಪೆಲ್ಲೇ?” ಎಂದು ಇವರೂ ಕೇಳಿರುತ್ತಾರೆ.

ಇದಲ್ಲದೆ, ತಮ್ಮ ಹಿತ್ತಿಲಿನ ನೇರಳೆ ಮರದ ಕೆಳಗೆ ಕೂತು ಹಣ್ಣು ತಿಂದು ಅರ್ಜಿದಾರಳು ಯೂನಿಫಾರಂ ಕೆಡಿಸಿಕೊಂಡಾಗ, ತಾವು ಸೋಪು ಹಾಕಿ ಉಜ್ಜಿ ಉಜ್ಜಿ ಸಾಕಾಗಿ, “ಇದು ಸಾಯೋಗಂಟ ಹೋಗೋ ಬಣ್ಣ ಅಲ್ಲ ಕಣೇ” ಎಂದದ್ದು ತಮಗೆ ಮರೆತಿರಬಹುದು. ಲಗ್ನಪತ್ರಿಕೆಗೆ ಅಂಥ ಬಣ್ಣವೇ ತಕ್ಕದ್ದೆಂಬುದು ಅರ್ಜಿದಾರಳ ಅಭಿಪ್ರಾಯ.

೩. ಕಾರ್ಡು ಬಾಗಿಲಿನಂತೆ ತೆರೆಯುವಂಥದ್ದು. ಮುಂಭಾಗದಲ್ಲಿ ‘ಲತಾಮಣಿ’ ಎಂಬ ಹೆಸರೊಂದೇ, ಚಿನ್ನದ ಅಕ್ಷರದಲ್ಲಿ. ಅದರ ಕೆಳಗೆ ಸಣ್ಣದಾಗಿ ತಂದೆತಾಯಿಯ ಹೆಸರು. ಗಣಪನಿಲ್ಲ, ಬಾಳೆಕಂಬವಿಲ್ಲ, ನವಿಲಂತೂ ಇಲ್ಲವೇ ಇಲ್ಲ. ಸಿದ್ಧಾರ್ಥ, ಮುಹೂರ್ತ, ಬೇಲೂರಿನ ಸಮುದಾಯ ಭವನ ಎಲ್ಲವೂ ಒಳಗೆ, ತೆರೆದವರಿಗೆ ಮಾತ್ರ. ಉಮೇಶಣ್ಣ ಮೊದಲ ಪ್ರತಿ ಕೈಗೆ ತೆಗೆದುಕೊಂಡು, “ಲತಾ, ಕಂಪ್ಯೂಟರ್‌ನಾಗೆ ನೇರಳೆ ಕಾಣ್ತಿತ್ತು, ಪೇಪರ್ ಮ್ಯಾಲೆ ಕಪ್ಪಿಗೆ ತಿರುಗೈತೆ ನೋಡ್ಕಳವ್ವ” ಎಂದು ಎಚ್ಚರಿಸಿದ್ದು ನಿಜ. ಬಿಸಿಲಿಗೆ ಹಿಡಿದು ನೋಡಬೇಕೆಂದು ಅರ್ಜಿದಾರಳು ತಿಳಿಸಿದಳು. ಬಿಸಿಲಿಗೆ ಹಿಡಿದಾಗ ಅದು ನಿಜಕ್ಕೂ ಮಾಗಿದ ನೇರಳೆ ಹಣ್ಣಿನಂತೆಯೇ ಹೊಳೆಯುತ್ತದೆ. ಆದರೆ ಬಾಣಾವರದಲ್ಲಿ ಯಾರೂ ಕಾರ್ಡನ್ನು ಬಿಸಿಲಿಗೆ ಹಿಡಿದು ನೋಡುವುದಿಲ್ಲವೆಂಬುದು ಯೋಜನೆಯಲ್ಲಿ ಸೇರಿರಲಿಲ್ಲ.

೪. ಮುಂದಿನ ತೊಡಕು ಅರಿಶಿನದ್ದು. ಹಂಚುವ ಮೊದಲು ಕಾರ್ಡಿನ ನಾಲ್ಕೂ ಮೂಲೆಗೆ ಅರಿಶಿನ ಹಚ್ಚುವುದು ಪದ್ಧತಿ. ತಾಯಿಯವರು ಬಟ್ಟಲಲ್ಲಿ ಕಲಸಿಕೊಂಡು ಹಚ್ಚಿದರು; ಕಾಣಲಿಲ್ಲ. ಇನ್ನೊಂದು ಸಲ ಹಚ್ಚಿದರು. ಸಾರು ಚೆಲ್ಲಿದಂತೆ ಕಂಡಿತು. “ನೋಡೇ, ಅರಿಶಿನಾನೂ ನುಂಗ್ಕತ್ತದೆ ನಿನ್ ಬಣ್ಣ!” ಎಂದು ಹಣೆ ಚಚ್ಚಿಕೊಂಡು ಮೂರನೆಯ ಸಲ ದಪ್ಪಗೆ ಮೆತ್ತಿದರು. ಕಾರ್ಡಿನ ಮೇಲ್ಮೈ ನುಣುಪಾದದ್ದರಿಂದ ಮೆತ್ತಿದ ಅರಿಶಿನ ಒಣಗಿ, ಹಕ್ಕಳೆಯಾಗಿ ಎದ್ದು, ಹಂಚಲು ಹೊರಟ ಚಿಕ್ಕಮ್ಮನ ಮಗ ಸುನಿಲನ ಬ್ಯಾಗಿನ ತಳ ಸೇರಿತು. ಕೊನೆಗೆ ಕಾರ್ಡುಗಳಿಗಿಂತ ಸುನಿಲನ ಬ್ಯಾಗೇ ಹೆಚ್ಚು ಮಂಗಳಕರವಾಗಿತ್ತು.

೫. ಅರಿಶಿನವಿಲ್ಲದ ಕಾರ್ಡು ಬಂದರೆ ಅದು ತಿಥಿ ಕಾರ್ಡು. ಅದನ್ನು ಮನೆಯೊಳಗೆ ತರಬಾರದು. ಹೊರಗೇ ಓದಿ ಹರಿದು ಹಾಕಿ ಸ್ನಾನ ಮಾಡಬೇಕು. ಇದು ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಶ್ರದ್ಧಾಂಜಲಿ ಕಾರ್ಡನ್ನೂ ತಾನೇ ಮಾಡಿ ಪಳಗಿದ ಅರ್ಜಿದಾರಳಿಗೆ ಮಾತ್ರ ತನ್ನ ಸರದಿಯಲ್ಲಿ ಅದು ಹೊಳೆಯಲಿಲ್ಲ.

೬. ತಮಗೆ ಕಾರ್ಡನ್ನು ಶುಕ್ರವಾರ ತಂದೆತಾಯಿ ಇಬ್ಬರೂ ತಾಂಬೂಲದೊಂದಿಗೆ ಬಂದು ಕೊಡುವುದೆಂದು ನಿಶ್ಚಯವಾಗಿತ್ತು. ಆದರೆ ಸ್ನೇಹಿತರಿಗೆ ಕೊಡಲೆಂದು ಬಾಣಾವರಕ್ಕೆ ಬಂದ ಸುನಿಲನು, ಇಷ್ಟು ದೂರ ಬಂದು ಅತ್ತೆಯ ಮನೆಗೆ ಕೊಡದೆ ಹೋದರೆ ಬೈಯುತ್ತಾರೆಂದು ಹೆದರಿ ತಮ್ಮ ಮನೆಗೂ ಬಂದನು. ತಾವು ಹಾಲಿಗೆ ಹೋಗಿದ್ದಿರಿ. ಬಾಗಿಲಿಗೆ ಬೀಗವಿತ್ತು. ಸುನಿಲನು ಕಾರ್ಡನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಹೊರಟುಹೋದನು. ಊರಿನವರು ತಿಥಿ ಕಾರ್ಡು ಸಿಕ್ಕಿಸುವುದೂ ಅಲ್ಲಿಯೇ.

೭. ತಾವು ಹಾಲಿನ ಪಾತ್ರೆ ಹಿಡಿದು ಬಂದು, ಕನ್ನಡಕವಿಲ್ಲದೆ, ಕಪ್ಪು ಬಣ್ಣ, ಅರಿಶಿನವಿಲ್ಲದ ಮೂಲೆ, ನಡುವೆ ಒಂದೇ ಒಂದು ಹೆಸರು, ಇಷ್ಟನ್ನು ಕಂಡಿರಿ. ಒಳಪುಟ ತೆರೆಯಲಿಲ್ಲ. ನೌಕರಿಯುದ್ದಕ್ಕೂ ಜನರ ಪಹಣಿ, ವಂಶವೃಕ್ಷ, ಜಾತಿ ಪ್ರಮಾಣಪತ್ರಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡದೆ ಸಹಿ ಹಾಕದ ತಾವು, ಒಂದು ಕಾರ್ಡಿನ ಒಳಗೇನಿದೆಯೆಂದು ನೋಡದೆ ತೀರ್ಮಾನಕ್ಕೆ ಬಂದದ್ದನ್ನು ಅರ್ಜಿದಾರಳು ಅತ್ಯಂತ ಗೌರವದಿಂದ ದಾಖಲಿಸಲು ಬಯಸುತ್ತಾಳೆ. ಅಲ್ಲದೆ, ತಿಥಿ ಕಾರ್ಡು ಅಚ್ಚಾಗಿ ಬರುವಷ್ಟು ದಿನ ಸೋದರತ್ತೆಗೆ ಸಾವಿನ ಸುದ್ದಿಯನ್ನೇ ಮುಟ್ಟಿಸದೆ ಇರುತ್ತಾರೆಯೇ ಎಂಬ ಪ್ರಶ್ನೆಯನ್ನೂ ತಾವು ಕೇಳಿಕೊಂಡಂತೆ ಕಾಣುವುದಿಲ್ಲ. ತಾವು ಕಾರ್ಡನ್ನು ಅಲ್ಲಿಯೇ ಹರಿದು, ಹಿತ್ತಿಲ ತೊಟ್ಟಿಯ ತಣ್ಣೀರನ್ನು ಉಟ್ಟ ಸೀರೆಯ ಮೇಲೆಯೇ ಸುರಿದುಕೊಂಡು, ಒದ್ದೆ ಸೀರೆಯಲ್ಲಿ, ಬರಿಗಾಲಿನಲ್ಲಿ ಅರಸೀಕೆರೆ ಬಸ್ಸು ಹತ್ತಿದಿರಿ. ಕೈಯಲ್ಲಿ ಆಧಾರ್ ಕಾರ್ಡೂ ಇರಲಿಲ್ಲ. ತಮ್ಮ ಮುಖ ನೋಡಿ ಕಂಡಕ್ಟರು ಏನನ್ನೂ ಕೇಳಲಿಲ್ಲವೆಂದು ಆಮೇಲೆ ತಿಳಿದುಬಂದಿದೆ.

೮. ಆ ಹೊತ್ತಿಗೆ ಅರ್ಜಿದಾರಳು ಮನೆಯಲ್ಲಿ ಅವರೆಕಾಳು ಉಪ್ಪಿಟ್ಟು ತಿನ್ನುತ್ತಿದ್ದಳು. ಬೀದಿಯ ಕೊನೆಯಿಂದ ಅಳು ಕೇಳಿಬಂತು:

“ಅಯ್ಯೋ ನನ್ನವ್ವಾ… ಮುತ್ತು ಪೋಣಿಸ್ದಂಗೆ ಬರೀತಿದ್ದ ಕೈಯೇ… ಒಂದ್ ದಿನ ಸುಳ್ಳು ಆಡ್ದೋಳಲ್ಲ, ಒಂದ್ ಅಗುಳು ಬಿಸಾಕ್ದೋಳಲ್ಲ… ನನ್ ಹೊಟ್ಟೇಲಿ ಹುಟ್ದೇ ಇದ್ರೂ ನನ್ ಮಗಳೇ ಆಗಿದ್ದೆಯಲ್ಲೇ… ಇನ್ಯಾರ್‌ನ ಬೈಲೇ ನಾನು…”

ಯಾರೋ ಬಹಳ ಒಳ್ಳೆಯವರು ತೀರಿಕೊಂಡಿದ್ದಾರೆಂದು ಭಾವಿಸಿ ಅರ್ಜಿದಾರಳು ತಟ್ಟೆ ಹಿಡಿದುಕೊಂಡೇ ಹೊರಗೆ ಓಡಿಬಂದಳು. ತಮ್ಮನ್ನು ಆ ಸ್ಥಿತಿಯಲ್ಲಿ ಕಂಡು ಕೂಗಿದಳು:

“ಅತ್ತೆ! ಯಾರತ್ತೆ ಹೋದ್ರು?”

“ಇನ್ಯಾರೇ… ನಮ್ ಲತಾ ಕಣೇ!” ಎಂದು ತಾವು ಅವಳನ್ನೇ ತಬ್ಬಿಕೊಂಡು, ಅವಳ ಹೆಗಲ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಿರಿ. ಅರ್ಜಿದಾರಳೂ ಸ್ವಲ್ಪ ಹೊತ್ತು ಜೊತೆಗೆ ಅತ್ತಿರುತ್ತಾಳೆ. ಯಾವ ಲತಾ ಎಂಬುದು ಇಬ್ಬರಿಗೂ ಒಡನೆಯೇ ಹೊಳೆಯಲಿಲ್ಲ. ಒಳಗಿನಿಂದ ಬಂದ ತಾಯಿಯವರು, “ಇವ್ಳು ಇಲ್ಲೇ ಅವ್ಳಲ್ಲ ಅತ್ಗೆಮ್ಮ, ಉಪ್ಪಿಟ್ಟು ತಿಂತಾ!” ಎಂದ ಮೇಲೆ ತಾವು ತಲೆಯೆತ್ತಿ ಅರ್ಜಿದಾರಳ ಮುಖ ನೋಡಿದಿರಿ. ಕೆನ್ನೆ ಸವರಿದಿರಿ. ಆಮೇಲೆ ಅದೇ ಕೆನ್ನೆಗೆ ಬಾರಿಸಿದಿರಿ.

೯. ಸದರಿ ಏಟಿನ ಬಗ್ಗೆ ಅರ್ಜಿದಾರಳದು ಯಾವ ತಕರಾರೂ ಇರುವುದಿಲ್ಲ. ಆದರೆ ಅದಕ್ಕೆ ಮೊದಲು ಕೇಳಿಸಿದ ಮಾತುಗಳ ಬಗ್ಗೆ ಒಂದೆರಡು ಸಾಲು ಬರೆಯಲು ಅನುಮತಿ ಕೋರಿದೆ. ಹೈಸ್ಕೂಲಿನ ಅಷ್ಟೂ ವರ್ಷ ತಾವು ಅವಳ ಅಕ್ಷರವನ್ನು ಕೋಳಿ ಕೆದರಿದ ಹಾಗಿದೆ ಎಂದೇ ಹೇಳುತ್ತಾ ಬಂದಿದ್ದಿರಿ. ಮುತ್ತು ಪೋಣಿಸಿದ ಹಾಗಿತ್ತೆಂಬುದು ಅವಳಿಗೆ ತಿಳಿದದ್ದು ಸತ್ತ ಮೇಲೆಯೇ. ಎಲ್ಲರಿಗೂ ಇಂಥ ಮಾತು ಸಿಗುವುದು ಕೇಳಿಸಿಕೊಳ್ಳಲು ಅವರೇ ಇಲ್ಲದ ಹೊತ್ತಿನಲ್ಲಿ. ಅರ್ಜಿದಾರಳು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತು, ಎರಡೂ ಕಿವಿಯಿಂದ ಕೇಳಿದಳು. ತನಗಾಗಿ ಒಬ್ಬರು ಬರಿಗಾಲಿನಲ್ಲಿ ಓಡಿ ಬರುತ್ತಾರೆಂಬುದನ್ನು ಕಣ್ಣಾರೆ ಕಂಡಳು. ಅವಳಿಗೆ ಆದ ಸಂತೋಷವನ್ನು ಆ ದಿನ ಹೇಳಲಾಗಲಿಲ್ಲ. ಹೇಳಿದ್ದರೆ ಇನ್ನೊಂದು ಕೆನ್ನೆಗೂ ಬೀಳುತ್ತಿತ್ತು.

೧೦. ತದನಂತರ ತಾವು ಒಂದು ಲೋಟ ನೀರನ್ನೂ ಮುಟ್ಟದೆ ಬಾಣಾವರಕ್ಕೆ ಹಿಂದಿರುಗಿದ್ದು, ಮದುವೆಗೆ ಬರುವುದಿಲ್ಲವೆಂದು ಘೋಷಿಸಿರುತ್ತೀರಿ. ಕೋಪಕ್ಕೆ ಕಾರಣ ಬಣ್ಣವೆಂದು ಎಲ್ಲರೂ ತಿಳಿದರು. ಆದಕಾರಣ ತಾಯಿಯವರು ಬಣ್ಣದ ಮೇಲೆ ಬಿದ್ದರು. ಅದೇ ಸಮಯಕ್ಕೆ ಗೆಂಡೆಹಳ್ಳಿಯ ದ್ಯಾವಯ್ಯ ಮಾವ ಫೋನ್ ಮಾಡಿ, “ಏನ್ಲಾ ಹನುಮ, ಕಾರ್ಡ್ ಬಂತು ಕಣ್ಲಾ. ಯಾವ ಬಾರ್ ಓಪನಿಂಗು?” ಎಂದು ಕೇಳಿದ್ದು ಉರಿಯುವ ಬೆಂಕಿಗೆ ತುಪ್ಪವಾಯಿತು. ಸಿದ್ಧಾರ್ಥ ಮಾತ್ರ, ಹಳೇಬೀಡಿನಲ್ಲಿ ಇಂಥ ಕಾರ್ಡು ಯಾರೂ ಮಾಡಿಸಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದಾನೆ. ಅವನ ಮಾತನ್ನು ಸದ್ಯಕ್ಕೆ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

೧೧. ಆದರೆ ನಿಜವಾದ ಕಾರಣ ಬೇರೆ ಎಂಬುದು ಮೊನ್ನೆ ತಾವು ತಂದೆಯವರೊಂದಿಗೆ ಮಾತನಾಡುವಾಗ ಗೊತ್ತಾಯಿತು. ಫೋನ್ ಸ್ಪೀಕರಿನಲ್ಲಿತ್ತು, ತಂದೆಯವರಿಗೆ ಅದನ್ನು ಆರಿಸಲು ಬರುವುದಿಲ್ಲ. “ಹನುಮಾ, ಆ ಮಗೀನ ಹೆಸರಿರೋ ಕಾರ್ಡ್‌ನ ಈ ಕೈಯಾಗೇ ಹರಿದಿವ್ನಿ ಕಣೋ. ಬದುಕಿರೋವಾಗ್ಲೇ ಸಾವಿನ ನೀರು ಹುಯ್ಕಂಡಿವ್ನಿ. ಅದೇ ಕೈಯಾಗೆ ಅವ್ಳಿಗೆ ಮೊದಲ್ನೇ ಅರಿಶಿನ ಹೆಂಗ್ ಹಚ್ಲಿ? ಅವ್ಳಿಗೆ ಏನಾದ್ರೂ ಆದ್ರೆ?” ಎಂದು ತಾವು ಹೇಳಿದ್ದನ್ನು ಅರ್ಜಿದಾರಳು ಅಡುಗೆಮನೆಯಲ್ಲಿ ನಿಂತು ಕೇಳಿರುತ್ತಾಳೆ. ನಮ್ಮ ಮನೆಯಲ್ಲಿ ಮದುಮಗಳ ಕೆನ್ನೆಗೆ ಮೊದಲ ಅರಿಶಿನ ಸೋದರತ್ತೆಯ ಕೈಯಿಂದಲೇ ಬೀಳಬೇಕು. ತಾವು ಬಾರದಿದ್ದರೆ ಆ ಜಾಗದಲ್ಲಿ ದೂರದ ಯಾವುದಾದರೂ ಅತ್ತೆಯನ್ನು ಕೂರಿಸುವುದೆಂದು ತಾಯಿಯವರು ಹೇಳುತ್ತಿದ್ದಾರೆ. ಅರ್ಜಿದಾರಳಿಗೆ ಅದು ಬೇಡ. ಅವಳಿಗೆ ಬೇಕಾದದ್ದು ತಮ್ಮ ಕೈ. ಹರಿದ ಕೈಯಾದರೂ ಸರಿ, ಬಾರಿಸಿದ ಕೈಯಾದರೂ ಸರಿ.

ಆದ್ದರಿಂದ ಮಾನ್ಯರು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸಿ ಸೂಕ್ತ ಆದೇಶ ನೀಡಬೇಕಾಗಿ ಕೋರಿದೆ:

(ಅ) ಸಾವು ಸಂಭವಿಸದೆ ಸೂತಕವಿಲ್ಲ. ಸೂತಕವಿಲ್ಲದೆ ಸೂತಕದ ಸ್ನಾನವಿಲ್ಲ. ಆ ಕಾರಣ ತಾವು ಅಂದು ಮಾಡಿದ್ದನ್ನು ಬರೀ ಸ್ನಾನವೆಂದು ಪರಿಗಣಿಸತಕ್ಕದ್ದು. ಉಟ್ಟ ಬಟ್ಟೆಯಲ್ಲೇ ಮಾಡಿದ್ದು ತಮ್ಮ ಖಾಸಗಿ ವಿಚಾರ.

(ಆ) ಸುರಿಸಿದ ಕಣ್ಣೀರನ್ನು ವ್ಯರ್ಥವೆಂದು ಭಾವಿಸದೆ ಮುಂಗಡವೆಂದು ನಮೂದಿಸಿ, ಹೆಣ್ಣು ಒಪ್ಪಿಸಿಕೊಡುವ ಹೊತ್ತಿನಲ್ಲಿ ಹೊಂದಾಣಿಕೆ ಮಾಡಿಕೊಳ್ಳುವುದು. ಕಡಿಮೆ ಬಿದ್ದಲ್ಲಿ ಹೊಸದಾಗಿ ಅಳಲು ಅಭ್ಯಂತರವಿಲ್ಲ.

(ಇ) ಹರಿದದ್ದು ಕಾಗದವನ್ನು. ಕಾಗದ ಹರಿದರೆ ನಕಲು ಪ್ರತಿ ಕೊಡುವ ಪದ್ಧತಿ ತಮ್ಮ ಇಲಾಖೆಯಲ್ಲೇ ಇತ್ತು. ಅದರಂತೆ ಹೊಸ ಪ್ರತಿಯೊಂದನ್ನು ಲಗತ್ತಿಸಲಾಗಿದೆ.

(ಈ) ಬಣ್ಣ ಬದಲಾಯಿಸಬೇಕೆಂಬ ಕುಟುಂಬದ ಒತ್ತಾಯವನ್ನು ಅರ್ಜಿದಾರಳು ವಿನಯಪೂರ್ವಕವಾಗಿ ತಿರಸ್ಕರಿಸಿರುತ್ತಾಳೆ. ಕಡುನೇರಳೆ ಕಡುನೇರಳೆಯಾಗಿಯೇ ಮುಂದುವರಿಯುತ್ತದೆ. ಆದರೆ ಉಳಿದ ಕಾರ್ಡುಗಳಿಗೆ ಬಾಳೆಹಣ್ಣಿನ ಬಣ್ಣದ ಲಕೋಟೆ ಮಾಡಿಸಿ, ಅರಿಶಿನವನ್ನು ಅದರ ಮೇಲೆ ಹಚ್ಚಲಾಗುತ್ತಿದೆ. ಹಳದಿಯ ಒಳಗಿನಿಂದ ನೇರಳೆ ಹೊರಬರುವಾಗ ಎಷ್ಟು ಚೆಂದ ಕಾಣುತ್ತದೆಂದರೆ, ಇದನ್ನು ಮೊದಲೇ ಯೋಚಿಸಿದ್ದೆನೆಂದು ಅರ್ಜಿದಾರಳು ಈಗಾಗಲೇ ಉಮೇಶಣ್ಣನಿಗೆ ಹೇಳಿಬಿಟ್ಟಿದ್ದಾಳೆ. ದಯವಿಟ್ಟು ತಾವು ಅವರ ಬಳಿ ಇದನ್ನು ಎತ್ತಬಾರದು.

(ಉ) ಎಲ್ಲಕ್ಕಿಂತ ಮುಖ್ಯವಾಗಿ, ತಾವು ಭಾನುವಾರ ಬರಬೇಕು. ಅರ್ಜಿದಾರಳಿಗೆ ಏನೂ ಆಗುವುದಿಲ್ಲ. ಆಗುವಂಥದ್ದು ಏನಾದರೂ ಇದ್ದಿದ್ದರೆ, ಅಷ್ಟು ಅತ್ತದ್ದಕ್ಕೆ ಅದು ಹೆದರಿ ಬಾಣಾವರದ ದಾರಿಯಲ್ಲೇ ಬಸ್ಸಿಳಿದು ಹೋಗಿರುತ್ತದೆ.

ಈ ಅರ್ಜಿಯನ್ನು ಅಂಚೆಗೆ ಹಾಕದೆ, ಕಿಟಕಿಯ ಸರಳಿಗೂ ಸಿಕ್ಕಿಸದೆ, ಬಾಗಿಲ ಕೆಳಗಿನ ಸಂದಿನಿಂದ ಒಳಗೆ ತೂರಿಸಲಾಗಿದೆ.

ಕೋಳಿ ಕೆದರಿದ ಅಕ್ಷರದಲ್ಲಿ,
ಎಂದಿನಂತೆ ತಮ್ಮ ವಿಶ್ವಾಸಿ,
(ಲತಾಮಣಿ)

ಸ್ಥಳ: ಬಾಣಾವರ, ತಮ್ಮ ಮನೆಯ ಜಗಲಿ.

ಲಗತ್ತುಗಳು:
೧. ಲಗ್ನಪತ್ರಿಕೆ, ಹಳದಿ ಲಕೋಟೆ ಸಹಿತ. (ಒಳಗೆ ತೆರೆದು ಓದುವುದು.)
೨. ಅಂದು ತಾವು ನಮ್ಮ ಮನೆಯಲ್ಲಿ ಕುಡಿಯದೆ ಬಂದ ಕಾಫಿಯ ಬದಲಿಗೆ ಕಾಫಿಪುಡಿ, ಒಂದು ಪೊಟ್ಟಣ. (ಜಗಲಿಯ ಮೇಲಿದೆ.)
೩. ಅರ್ಜಿದಾರಳ ಜೀವಿತ ಪ್ರಮಾಣಪತ್ರ. ಪಿಂಚಣಿದಾರರಾದ ತಮಗೆ ಇದರ ನಿಯಮ ತಿಳಿದೇ ಇದೆ: ಕಾಗದ ಸಾಲದು, ವ್ಯಕ್ತಿಯೇ ಬರಬೇಕು. ಆದಕಾರಣ ಸದರಿ ಲಗತ್ತು ಬಾಗಿಲ ಹೊರಗೆ ಅಳುತ್ತಾ ನಿಂತಿದೆ. ಬಾಗಿಲು ತೆಗೆದು, ಮುಟ್ಟಿ ನೋಡಿ, ಒಳಗೆ ಸ್ವೀಕರಿಸಬೇಕಾಗಿ ವಿನಂತಿ.